ಚಿರೆಕಲ್ಲಿನ ದಾರಿಗೆ ಎಷ್ಟು ಗಾಳಿ, ಹೆದ್ದಾರಿಗೆ ಎಷ್ಟು?

ತೋಟದ_ದಾರಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ಹುಲೇಕಲ್ ಕಡೆಯ ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮದು ಚಿಕ್ಕ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ. ಖಾಲಿ ತೂಕ ಸುಮಾರು 1,200 ಕಿಲೋ, ಟೈರ್ 195/80 ಆರ್ 15. ಗಾಡಿಯ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದ ಕೂಡಲೇ ಯಾವ ಕಂಪನಿ ಮೇಲು ಎಂಬ ಜಗಳ ಶುರುವಾಗಿ ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ.

ಆಯಿಗೆ, ಅಂದರೆ ಅಮ್ಮನಿಗೆ, ಸೊಂಟನೋವು. ಆಗಾಗ ಕಾರವಾರದ ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. ಮನೆಯಿಂದ ಡಾಂಬರು ರಸ್ತೆಯವರೆಗೆ ಚಿರೆಕಲ್ಲಿನ ದಾರಿ. ಮಳೆಗೆ ಮೇಲಿನ ಮಣ್ಣೆಲ್ಲ ತೊಳೆದುಹೋಗಿ ಕಲ್ಲಿನ ಅಂಚುಗಳು ಎದ್ದು ನಿಂತಿವೆ. ಅದು ಮುಗಿದರೆ ಶಿರಸಿ ಪೇಟೆ, ದೇವಿಮನೆ ಘಟ್ಟ, ಕುಮಟಾದಿಂದ ಕಾರವಾರದವರೆಗೆ ಹೆದ್ದಾರಿ 66.

ನಾವು ಹೋಗುವ ಟೈರ್ ಅಂಗಡಿಯಲ್ಲಿ ನಾಲ್ಕು ಚಕ್ರಕ್ಕೂ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ ಕಳಿಸುತ್ತಾರೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿ 26 ಎಂದಿದೆ, ಪೂರ್ತಿ ಭಾರ ಹೇರಿದರೆ ಹಿಂದಿನ ಎರಡಕ್ಕೆ ಸ್ವಲ್ಪ ಹೆಚ್ಚು. ಕೇಳಿದರೆ, "ಆ ಚೀಟಿ ವಿದೇಶದ ರಸ್ತೆಗೆ, ನಮ್ಮ ಹೊಂಡಗಳಿಗೆ 35 ಬೇಕೇ ಬೇಕು" ಎನ್ನುತ್ತಾರೆ. 35ರಲ್ಲಿ ಆಯಿ ಪ್ರತಿ ಕಲ್ಲಿಗೂ ನರಳುತ್ತಾಳೆ. ದೊಡ್ಡಪ್ಪನ ಮಗ ಹೇಳುವುದೇ ಬೇರೆ: 18ಕ್ಕೆ ಇಳಿಸು, ಹಾಗೆಯೇ ಕಾರವಾರಕ್ಕೂ ಹೋಗಿ ಬಾ, ಏನೂ ಆಗುವುದಿಲ್ಲ.

35, 26, 18. ಯಾರ ಮಾತು ಕೇಳಲಿ?

ಕಡಲಕೋಡಿ (ಅಂಕೋಲಾ)

ಚೀಟಿಯ ಮಾತು ಕೇಳಿ. ಗಾಡಿ ಮಾಡಿದವರಿಗೆ ಗೊತ್ತಿಲ್ಲದ್ದು ಗಾಳಿ ತುಂಬುವವರಿಗೆ ಗೊತ್ತಿರುತ್ತದೆಯೇ? ಇಲ್ಲಿ ಮಾರುವ ಗಾಡಿಗೆ ಇಲ್ಲಿಯ ಚೀಟಿಯನ್ನೇ ಅಂಟಿಸಿರುತ್ತಾರೆ.

ಜೋಯಿಡಾ_ಜೀಪು

ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ದಾರಿಗಳಲ್ಲಿ ನಾನು 20ರ ಮೇಲೆ ಗಾಳಿ ಇಡುವುದೇ ಇಲ್ಲ. ಟೈರ್ ಮೆತ್ತಗಿದ್ದರೆ ಕಲ್ಲನ್ನು ತಬ್ಬಿಕೊಂಡು ದಾಟುತ್ತದೆ. ಗಟ್ಟಿಯಿದ್ದರೆ ಕಲ್ಲಿನ ಮೇಲೆ ಹತ್ತಿ ದೊಪ್ಪನೆ ಬೀಳುತ್ತದೆ. ಆ ಬೀಳುವ ಪೆಟ್ಟೇ ನಿಮ್ಮ ತಾಯಿಯವರ ಸೊಂಟಕ್ಕೆ ತಾಗುವುದು. ಬಿಗಿದ ಟೈರ್‌ಗೆ ಚೂಪು ಕಲ್ಲು ಚುಚ್ಚುವ ಸಂಭವವೂ ಹೆಚ್ಚು, ಏಕೆಂದರೆ ಅದು ಬಾಗುವುದಿಲ್ಲ. ಚೀಟಿ ಬರೆದದ್ದು ಡಾಂಬರಿಗೆ. ತೋಟದ ದಾರಿಗೆ ನಿಮ್ಮ ಅಣ್ಣ ಹೇಳಿದ 18 ಸರಿಯಾಗಿಯೇ ಇದೆ.

ಗಾಲಿ_ಅಂಗಡಿ (ಕುಮಟಾ)

ತಂಗಿ, ಹೆದ್ದಾರಿ ಬದಿಯಲ್ಲಿ ಅಪ್ಪನ ಕಾಲದಿಂದ ಟೈರ್ ಕಳಚಿ ಕೂಡಿಸುವ ಕೆಲಸ ನಮ್ಮದು. 18ರಲ್ಲಿ ಕಾರವಾರಕ್ಕೆ ಹೋಗಬೇಡಿ. ಕಾರಣ ಹೇಳುತ್ತೇನೆ.

ಗಾಳಿ ಕಡಿಮೆ ಇಟ್ಟುಕೊಂಡು ಹೆದ್ದಾರಿಯಲ್ಲಿ ಓಡಿಸಿದ ಟೈರನ್ನು ರಿಮ್‌ನಿಂದ ಬಿಡಿಸಿದರೆ ಒಳಗೆ ಕಪ್ಪು ಪುಡಿ ಉದುರುತ್ತದೆ. ಕೈ ಹಾಕಿದರೆ ಬೆರಳಿಗೆ ಕಾಡಿಗೆಯಷ್ಟು ನುಣ್ಣಗೆ ಅಂಟುತ್ತದೆ. ಅದು ಧೂಳಲ್ಲ, ಸೈಡ್‌ವಾಲ್ (ಟೈರಿನ ಪಕ್ಕೆ) ಒಳಗಿನಿಂದ ತೇದುಹೋದ ರಬ್ಬರ್. ಹೊರಗಡೆ ರಿಮ್‌ಗೆ ಸಮಾನಾಂತರವಾಗಿ ಸುತ್ತ ಒಂದು ಉಂಗುರದ ಗುರುತು ಬಿದ್ದಿರುತ್ತದೆ, ಟೈರ್ ಅಲ್ಲಿಯೇ ಮಡಿಚಿಕೊಂಡು ಓಡಿದೆ ಎಂದು ಅರ್ಥ. ಅಂಥ ಟೈರ್ ಮೇಲಿನಿಂದ ನೋಡಿದರೆ ಹೊಸದರ ಹಾಗೆಯೇ ಇರುತ್ತದೆ, ಗೀರುಗಳೂ ಆಳವಾಗಿರುತ್ತವೆ. ಆದರೆ ನಾನು ಅದಕ್ಕೆ ಪಂಚರ್ ಹಾಕಿ ಕೊಡುವುದಿಲ್ಲ, ಗಿರಾಕಿ ಎಷ್ಟೇ ಬೈದರೂ ಕೊಡುವುದಿಲ್ಲ. ಒಳಗಿನ ದಾರ ಸತ್ತಿರುತ್ತದೆ. ಬಿಸಿಲಲ್ಲಿ 90ರ ವೇಗದಲ್ಲಿ ಅದು ಒಡೆದರೆ ಗಾಡಿ ಯಾವ ಕಡೆ ಹೋಗುತ್ತದೆ ಎಂದು ಹೇಳಲು ಬಾರದು.

ಪ್ರತಿ ಸುತ್ತಿಗೂ ಸೈಡ್‌ವಾಲ್ ಮಡಿಚಿ ಬಿಡಿಸಿಕೊಳ್ಳುತ್ತದೆ. ಗಾಳಿ ಕಡಿಮೆಯಾದಷ್ಟೂ ಹೆಚ್ಚು ಮಡಿಚುತ್ತದೆ, ವೇಗ ಹೆಚ್ಚಿದಷ್ಟೂ ಬೇಗ ಬೇಗ ಮಡಿಚುತ್ತದೆ. ಆ ಬಿಸಿಗೆ ಹೊರಗೆ ಹೋಗಲು ಹೊತ್ತು ಸಿಗುವುದಿಲ್ಲ. ಆದ್ದರಿಂದ 18 ಎನ್ನುವುದು ನಿಧಾನದ ದಾರಿಯ ಗಾಳಿ. ಗಂಟೆಗೆ 20, 30 ಕಿ.ಮೀ. ಹೋಗುವವರಿಗೆ. ಅದಕ್ಕಿಂತ ಮುಂದೆ ಅಲ್ಲ.

35 ಸಹ ನಿಮ್ಮ ಗಾಡಿಗೆ ಅಲ್ಲ. ದಿನವಿಡೀ ಬರುವ ಕಾರುಗಳಿಗೆ 30ರ ಮೇಲೆ ಬೇಕಾಗುತ್ತದೆ, ಅದೇ ಅಂಕಿಯನ್ನು ಹುಡುಗರು ಎಲ್ಲ ಗಾಡಿಗೂ ಹಾಕಿಬಿಡುತ್ತಾರೆ.

ಜೋಯಿಡಾ_ಜೀಪು

ಹೆದ್ದಾರಿಗೆ 18 ಎಂದು ನಾನು ಎಲ್ಲಿ ಹೇಳಿದೆ? ತೋಟದ ದಾರಿಗೆ ಎಂದೆ. ಡಾಂಬರು ಹತ್ತುವ ಮೊದಲು ತುಂಬಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ.

ಕಡಲಕೋಡಿ (ಅಂಕೋಲಾ)

ಎಲ್ಲಿ ತುಂಬುವುದು ಮಾರಾಯರೇ? ಹಳ್ಳಿಯ ದಾರಿ ಮುಗಿಯುವಲ್ಲಿ ಬಂಕ್ ಇರುತ್ತದೆಯೇ?

ಜೋಯಿಡಾ_ಜೀಪು

ಗಾಡಿಯಲ್ಲಿ ಚಿಕ್ಕ ಕಂಪ್ರೆಸರ್ ಇಟ್ಟುಕೊಳ್ಳಬೇಕು. ಗಾಳಿ ಬಿಡುವುದನ್ನು ಕಲಿತವರು ತುಂಬುವುದನ್ನೂ ಕಲಿಯಬೇಕು. ತುಂಬಲು ದಾರಿಯಿಲ್ಲದವರು ಬಿಡಲೇಬಾರದು.

ನಿವೃತ್ತ_ಮಾಸ್ತರ (ಹೊನ್ನಾವರ)

ಇಬ್ಬರೂ ಅರ್ಧರ್ಧ ಸರಿ ಹೇಳುತ್ತಿದ್ದೀರಿ. ನಾನು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು, ಸ್ವಲ್ಪ ಲೆಕ್ಕ ಮಾಡಿ ತೋರಿಸುತ್ತೇನೆ.

1,200 ಕಿಲೋ ನಾಲ್ಕು ಚಕ್ರಕ್ಕೆ ಹಂಚಿದರೆ ಒಂದಕ್ಕೆ 300 ಕಿಲೋ. ಆ ಭಾರವನ್ನು ಹೊರುವುದು ಬಹುಮಟ್ಟಿಗೆ ಒಳಗಿನ ಗಾಳಿ. 35 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.46 ಕಿಲೋ. ಹಾಗಾದರೆ ನೆಲಕ್ಕೆ ತಾಗುವ ಜಾಗ ಸುಮಾರು 122 ಚದರ ಸೆಂ.ಮೀ. 26ಕ್ಕೆ ಇಳಿಸಿದರೆ ಅದು 164 ಆಗುತ್ತದೆ, 18ಕ್ಕೆ ಇಳಿಸಿದರೆ 237. ಟೈರಿನ ಸ್ವಂತ ಬಿಗಿಯೂ ಸ್ವಲ್ಪ ಭಾರ ಹೊರುವುದರಿಂದ ಈ ಅಂಕಿಗಳು ಅಂದಾಜು, ಆದರೆ ದಿಕ್ಕು ಇದೇ. ಜಾಗ ಅಡ್ಡಕ್ಕೆ ಅಷ್ಟು ಹಿಗ್ಗುವುದಿಲ್ಲ, ಉದ್ದಕ್ಕೆ ಹಿಗ್ಗುತ್ತದೆ. ಉದ್ದವಾದ ಹೆಜ್ಜೆ ಚಿಕ್ಕ ಕಲ್ಲನ್ನು ನುಂಗಿಕೊಳ್ಳುತ್ತದೆ.

ಗಾಡಿಯಲ್ಲಿ ಎರಡು ಸ್ಪ್ರಿಂಗ್‌ಗಳಿವೆ ಎಂದು ತಿಳಿಯಿರಿ. ಒಂದು ಟೈರ್, ಇನ್ನೊಂದು ಕೆಳಗಿನ ಕಾಯಿಲ್ (ಸುರುಳಿ) ಅಥವಾ ಲೀಫ್ (ಪಟ್ಟಿ). ಮುಷ್ಟಿಗಾತ್ರದ ಕಲ್ಲು, ಡಾಂಬರಿನ ಒರಟು, ಸೇತುವೆಯ ಜೋಡಣೆ, ಇವು ಟೈರಿನ ಪಾಲು. ದೊಡ್ಡ ಹೊಂಡ, ರಸ್ತೆಯ ಉಬ್ಬು, ಇವು ಕೆಳಗಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ನ ಪಾಲು. ನಿಮ್ಮ ಗಾತ್ರದ ಫೋರ್ ಬೈ ಫೋರ್‌ಗಳಲ್ಲಿ ಎರಡೂ ಚಕ್ರಗಳನ್ನು ಕೂಡಿಸುವ ಗಟ್ಟಿ ಆಕ್ಸಲ್ ಇರುವುದುಂಟು. ಅಲ್ಲಿ ಒಂದು ಚಕ್ರ ಕಲ್ಲು ಹತ್ತಿದರೆ ಇಡೀ ಆಕ್ಸಲ್ ಓರೆಯಾಗಿ ಗಾಡಿಯೇ ಪಕ್ಕಕ್ಕೆ ತೂಗುತ್ತದೆ. ಆ ತೂಗಾಟ ಗಾಳಿ ಇಳಿಸಿದರೆ ಪೂರ್ತಿ ಹೋಗುವುದಿಲ್ಲ. ಕುಟ್ಟುವುದು ಮಾತ್ರ ಖಂಡಿತ ಕಡಿಮೆಯಾಗುತ್ತದೆ.

ಇನ್ನೊಂದು ಮುಖ್ಯ ಮಾತು ಮಳೆಯದು. ಅಮೆರಿಕದ ನಾಸಾ 1960ರ ದಶಕದಲ್ಲಿ ವಿಮಾನದ ಟೈರ್‌ಗಳ ಪರೀಕ್ಷೆ ಮಾಡಿ ಒಂದು ಸೂತ್ರ ಕೊಟ್ಟಿತು. ಪಿಎಸ್‌ಐಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಎಷ್ಟು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಟೈರ್ ನೀರಿನ ಮೇಲೆ ತೇಲತೊಡಗುತ್ತದೆ ಎಂಬುದು ಸಿಗುತ್ತದೆ. ಲೆಕ್ಕ ಹಾಕಿದರೆ 35ಕ್ಕೆ ಗಂಟೆಗೆ ಸುಮಾರು 99 ಕಿ.ಮೀ., 26ಕ್ಕೆ ಸುಮಾರು 85, 18ಕ್ಕೆ ಸುಮಾರು 71. ಕಾರಿನ ಟೈರಿನಲ್ಲಿ ನೀರು ಹೋಗಲು ಗೀರುಗಳಿರುತ್ತವೆ, ಅದು ಎಷ್ಟು ಸವೆದಿದೆ ಎಂಬುದರ ಮೇಲೂ ಈ ಅಂಕಿ ಬದಲಾಗುತ್ತದೆ. ಆದರೂ ಆಷಾಢದ ಮಳೆಯಲ್ಲಿ ಹೆದ್ದಾರಿ 66ರ ಮೇಲೆ ನೀರು ನಿಂತಿರುವಾಗ 18 ಇಟ್ಟುಕೊಂಡು 80ರಲ್ಲಿ ಹೋಗುವವನ ಕೈಯಲ್ಲಿ ಸ್ಟೇರಿಂಗ್ ಇದ್ದೂ ಇಲ್ಲದ ಹಾಗೆ.

ಕಾಳಿ_ದಂಡೆ (ಕಾರವಾರ)

ಮಾಸ್ತರೇ, ಘಟ್ಟದ ಮೇಲೆ ತುಂಬಿದ ಗಾಳಿ ಕೆಳಗೆ ಇಳಿದಾಗ ಬದಲಾಗುತ್ತದೆ ಎನ್ನುತ್ತಾರಲ್ಲ, ನಿಜವೇ?

ನಿವೃತ್ತ_ಮಾಸ್ತರ (ಹೊನ್ನಾವರ)

ನಿಜ, ಆದರೆ ಸ್ವಲ್ಪ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಅಷ್ಟು ಎತ್ತರಕ್ಕೆ ಹೊರಗಿನ ವಾಯುಭಾರ ಸುಮಾರು 1 ಪಿಎಸ್‌ಐ ಕಡಿಮೆ. ಆದ್ದರಿಂದ ಶಿರಸಿಯಲ್ಲಿ 26 ತೋರಿಸಿದ ಟೈರ್ ಕುಮಟಾದಲ್ಲಿ ಅದೇ ತಾಪಮಾನಕ್ಕೆ 25 ತೋರಿಸಬೇಕು. ಆದರೆ ಕೆಳಗೆ ಸೆಕೆ ಹೆಚ್ಚು. 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ಇದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ತೋಟದ_ದಾರಿ (ಶಿರಸಿ)

ಎಲ್ಲರಿಗೂ ಧನ್ಯವಾದ. ನೀವು ಬರೆದದ್ದನ್ನು ಓದಿ ಒಂದು ಡಿಜಿಟಲ್ ಗೇಜ್ ತರಿಸಿದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಹಿಡಿದು ನೋಡಿದರೆ ಮೂರು ಚಕ್ರಗಳಲ್ಲಿ 38, ಒಂದರಲ್ಲಿ 36! ಅಂಗಡಿಯಲ್ಲಿ 35 ಎಂದೇ ತುಂಬಿದ್ದು. ಇದು ಹೇಗೆ?

ಗಾಲಿ_ಅಂಗಡಿ (ಕುಮಟಾ)

ಅಲ್ಲಿಯ ಗೇಜ್ ಸರಿಯಿಲ್ಲ, ಅಷ್ಟೇ. ಪೈಪಿನ ತುದಿಯ ಮುಳ್ಳಿನ ಗೇಜ್ ದಿನವೂ ನೆಲಕ್ಕೆ ಬೀಳುತ್ತದೆ. ವರ್ಷಗಟ್ಟಲೆ ಯಾರೂ ಸರಿ ನೋಡುವುದಿಲ್ಲ. ನಿಮ್ಮದೇ ಒಂದು ಗೇಜ್ ಇಟ್ಟುಕೊಂಡು ಯಾವಾಗಲೂ ಅದರಲ್ಲಿಯೇ ನೋಡಿ. ಅದು ಒಂದು ಅಂಕಿ ಆಚೀಚೆ ಇದ್ದರೂ ತೊಂದರೆಯಿಲ್ಲ, ಇಂದಿನ 26 ಮತ್ತು ಮುಂದಿನ ತಿಂಗಳ 26 ಒಂದೇ ಆಗಿರುತ್ತವೆ.

ಯಾವಾಗಲೂ ಟೈರ್ ತಣ್ಣಗಿರುವಾಗಲೇ ನೋಡಬೇಕು. ಚೀಟಿಯ ಅಂಕಿ ತಣ್ಣಗಿನ ಟೈರಿನದು. ಓಡಿ ಬಿಸಿಯಾದ ಟೈರಿನಲ್ಲಿ 30 ಕಂಡಿತೆಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ 22ಕ್ಕೆ ಕುಸಿದಿರುತ್ತದೆ.

ಬನವಾಸಿ_ಬಯಲು

ನೈಟ್ರೋಜನ್ ತುಂಬಿಸಿ, ಎಲ್ಲ ಸಮಸ್ಯೆಯೂ ಹೋಗುತ್ತದೆ. ಬಿಸಿಯಾದರೂ ಏರುವುದಿಲ್ಲ, ಸವಾರಿಯೂ ಮೆತ್ತಗೆ.

ನಿವೃತ್ತ_ಮಾಸ್ತರ (ಹೊನ್ನಾವರ)

ಮೆತ್ತಗೆ ಆಗುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ. ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಹಿಗ್ಗುತ್ತವೆ. ಲಾಭವಿರುವುದು ಅದು ಒಣಗಿರುತ್ತದೆ ಎಂಬುದರಲ್ಲಿ, ಮತ್ತು ಸ್ವಲ್ಪ ನಿಧಾನವಾಗಿ ಸೋರುತ್ತದೆ ಎಂಬುದರಲ್ಲಿ. 26 ನೈಟ್ರೋಜನ್, 26 ಗಾಳಿ, ಸೊಂಟಕ್ಕೆ ಎರಡೂ ಒಂದೇ.

ಬನವಾಸಿ_ಬಯಲು

ನನಗಂತೂ ವ್ಯತ್ಯಾಸ ಗೊತ್ತಾಗುತ್ತದೆ.

ಕಡಲಕೋಡಿ (ಅಂಕೋಲಾ)

ನೈಟ್ರೋಜನ್ ತುಂಬುವವರು ಸರಿಯಾದ ಅಂಕಿಗೆ ತುಂಬಿರಬೇಕು, ವ್ಯತ್ಯಾಸ ಅದರದ್ದೇ. ಮೊದಲು ನಿಮ್ಮ ಗಾಡಿಯಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಹೇಳಿ ನೋಡೋಣ.

ಗುಡ್ಡದ_ಓಡಾಟ (ಸಿದ್ದಾಪುರ)

ಮರಳಿಗೆ ಎಷ್ಟು ಇಡಬೇಕು? ಡಿಸೆಂಬರ್‌ನಲ್ಲಿ ಗೆಳೆಯರೊಂದಿಗೆ ಗೋಕರ್ಣದ ಕಡೆ ಗಾಡಿಯನ್ನು ಸಮುದ್ರತೀರಕ್ಕೆ ಇಳಿಸುವ ಯೋಚನೆಯಿದೆ. 15 ಸಾಕೇ?

ಕಾಳಿ_ದಂಡೆ (ಕಾರವಾರ)

ದಯವಿಟ್ಟು ಇಳಿಸಬೇಡಿ. ನಾನು ಇದನ್ನು ಕೈ ಮುಗಿದು ಹೇಳುತ್ತಿದ್ದೇನೆ.

ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮ ದಂಡೆಯ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ರಾತ್ರಿ ಬಂದು ಒಂದೂವರೆ ಅಡಿ ಆಳ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮರಳು ಮುಚ್ಚಿ ಹೋಗುತ್ತವೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಅರಣ್ಯ ಇಲಾಖೆಯವರು, ಮೀನುಗಾರರು ಸೇರಿ ಸಿಕ್ಕಿದ ಗೂಡಿಗೆ ಬಲೆಯ ಬೇಲಿ ಹಾಕಿ ಕಾಯುತ್ತಾರೆ. ಸಿಗದೆ ಉಳಿದ ಗೂಡಿನ ಮೇಲೆ ಗಾಡಿ ಹೋದರೆ ಮರಳು ಗಟ್ಟಿಯಾಗಿ ಮರಿಗಳು ಮೇಲೆ ಬರಲಾರವು. ಚಕ್ರದ ಗುರುತು ಬಿದ್ದ ಆಳದ ಗೀರಿನಲ್ಲಿ ಬಿದ್ದ ಮರಿ ಸಮುದ್ರದ ದಿಕ್ಕನ್ನೇ ಕಳೆದುಕೊಳ್ಳುತ್ತದೆ. ಕಡಲಾಮೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ ಅದಕ್ಕೂ ಇದೆ.

ಗುಡ್ಡದ_ಓಡಾಟ (ಸಿದ್ದಾಪುರ)

ಸರಿ, ಇಳಿಸುವುದಿಲ್ಲ. ಬೇರೆ ಎಲ್ಲಾದರೂ ಮರಳು ಸಿಕ್ಕರೆ?

ಜೋಯಿಡಾ_ಜೀಪು

ಮರಳಿಗೆ 15ರಿಂದ 18. 15ರ ಕೆಳಗೆ ಹೋದರೆ ಜೋರಾಗಿ ತಿರುಗಿಸಿದಾಗ ಟೈರಿನ ಅಂಚು ರಿಮ್‌ನಿಂದ ಕಳಚಿಕೊಳ್ಳಬಹುದು. ನಿಧಾನವಾಗಿ ತಿರುಗಿಸಬೇಕು, ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಬೇಕು. ಕಾಡಿನ ದಾರಿಗೂ ಇದೇ ವಿವೇಕ ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತ ಬದುಕುವವನು ನಾನು, ಅನುಮತಿಯಿಲ್ಲದೆ ಕಾಡಿನೊಳಗೆ ಗಾಡಿ ನುಗ್ಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಡಿಕೆ_ಮೂಟೆ (ಯಲ್ಲಾಪುರ)

ಪ್ರಶ್ನೆ ಆರಾಮದ್ದು, ಆದರೆ ಭಾರದ ಬಗ್ಗೆ ಯಾರೂ ಹೇಳಲಿಲ್ಲ. ನಾವು ಚಾಲಿ ಅಡಿಕೆಯ ಮೂಟೆ ಹಿಂದೆ ಹೇರಿಕೊಂಡು ಪೇಟೆಗೆ ಹೋಗುತ್ತೇವೆ. ಹೋಗುವಾಗ ಗಾಡಿ ಹಾಯಾಗಿ ತೂಗುತ್ತದೆ. ಮೂಟೆ ಇಳಿಸಿ ಬರುವಾಗ ಹಿಂಭಾಗ ಕುದುರೆಯ ಹಾಗೆ ಕುಣಿಯುತ್ತದೆ. ಅದೇ ಗಾಳಿ, ಅದೇ ರಸ್ತೆ.

ಅಂದರೆ ಹಿಂದಿನ ಚಕ್ರದ ಗಾಳಿಯನ್ನು ಭಾರ ನೋಡಿ ಇಡಬೇಕು. ಆಯಿ ಒಬ್ಬಳೇ ಮುಂದಿನ ಸೀಟಿನಲ್ಲಿ ಕೂತಿದ್ದರೆ ಹಿಂದೆ ಚೀಟಿಯ ಕಡಿಮೆ ಅಂಕಿಯೇ ಸಾಕು. ಮನೆಮಂದಿ ಎಲ್ಲ ಹತ್ತಿ, ಹಿಂದೆ ಸಾಮಾನೂ ಇದ್ದರೆ ಚೀಟಿಯ ಹೆಚ್ಚಿನ ಅಂಕಿಗೆ ಏರಿಸಿ. ಇನ್ನೊಂದು ಮಾತು ತಂಗಿ, ಸೊಂಟನೋವಿನವರನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಡಿ. ಇಂಥ ಚಿಕ್ಕ ಗಾಡಿಯಲ್ಲಿ ಹಿಂದಿನ ಸೀಟು ಹಿಂದಿನ ಆಕ್ಸಲ್‌ಗೆ ಹತ್ತಿರ, ಎಲ್ಲ ಪೆಟ್ಟೂ ನೇರ ಬರುತ್ತದೆ.

ನಿವೃತ್ತ_ಮಾಸ್ತರ (ಹೊನ್ನಾವರ)

ಒಳ್ಳೆಯ ಮಾತು. ಇದಕ್ಕೆ ಒಂದು ಸೇರಿಸುತ್ತೇನೆ. ಟೈರಿನ ಮೇಲೆ ಗಾತ್ರದ ನಂತರ 96 ಎಂದೋ ಇನ್ನೊಂದು ಸಂಖ್ಯೆಯೋ ಇರುತ್ತದೆ. 96 ಎಂದರೆ ಒಂದು ಟೈರ್ 710 ಕಿಲೋ ಹೊರುತ್ತದೆ ಎಂದರ್ಥ. ಆದರೆ ಅದು ಪೂರ್ತಿ ಗಾಳಿ ಇದ್ದಾಗ. ಗಾಳಿ ಇಳಿಸಿದರೆ ಹೊರುವ ಶಕ್ತಿಯೂ ಇಳಿಯುತ್ತದೆ. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಒತ್ತಡವನ್ನು ನೋಡಿ ಅಷ್ಟು ತುಂಬುವವರಿದ್ದಾರೆ, ಅದು ಆ ಟೈರಿನ ಮಿತಿ, ನಿಮ್ಮ ಗಾಡಿಗೆ ಬೇಕಾದ ಗಾಳಿ ಅಲ್ಲ.

ಹಳೆ_ಥಾರ್ (ಮುಂಡಗೋಡ)

ನನ್ನದು 2020ಕ್ಕಿಂತ ಹಿಂದಿನ ಥಾರ್, ಹಿಂದೆ ಲೀಫ್ ಸ್ಪ್ರಿಂಗ್. ಗಾಳಿ ಎಷ್ಟು ಇಳಿಸಿದರೂ ಕುಟ್ಟುತ್ತಲೇ ಇತ್ತು. ಕೊನೆಗೆ ಮೆಕ್ಯಾನಿಕ್ ಕೆಳಗೆ ಮಲಗಿ ನೋಡಿದಾಗ ಒಂದು ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿತ್ತು, ಬುಷ್ ರಬ್ಬರ್ ಒಡೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಎರಡನ್ನೂ ಬದಲಾಯಿಸಿದ ಮೇಲೆ ಗಾಡಿ ಬೇರೆಯೇ ಆಯಿತು. ಗಾಳಿಯ ಮೇಲೆ ಎಲ್ಲ ಹೊರೆ ಹೊರಿಸಬೇಡಿ, ಕೆಳಗೂ ಒಮ್ಮೆ ನೋಡಿಸಿ.

ಟೈರ್ ಬದಲಿಸಿದ್ದೀರಾ? ಲಾರಿ ಮಾದರಿಯ ದಪ್ಪ ಸೈಡ್‌ವಾಲ್‌ನ ಆಫ್‌ರೋಡ್ ಟೈರ್ ಹಾಕಿಸಿದ್ದರೆ ಸವಾರಿ ಗಟ್ಟಿಯಾಗುವುದು ಸಹಜ. ಅವುಗಳ ಗಾತ್ರದ ಅಂಕಿಯ ಜೊತೆ ಎಲ್‌ಟಿ ಎಂದು ಇರುತ್ತದೆ.

ತೋಟದ_ದಾರಿ (ಶಿರಸಿ)

ಇಲ್ಲ, ಗಾಡಿಯೊಂದಿಗೆ ಬಂದ ಟೈರ್‌ಗಳೇ. ಶಾಕ್ ಅಬ್ಸಾರ್ಬರ್‌ಗಳನ್ನು ಇಂದು ಟಾರ್ಚ್ ಹಿಡಿದು ನೋಡಿದೆ, ನಾಲ್ಕೂ ಒಣಗಿವೆ.

ಗಾಲಿ_ಅಂಗಡಿ (ಕುಮಟಾ)

ಹಾಗಾದರೆ ಒಳ್ಳೆಯದು. ಎಲ್‌ಟಿ ಟೈರ್ ಹಾಕಿಸಿದವರು ಚೀಟಿಯ ಅಂಕಿಯನ್ನೇ ಕಣ್ಣು ಮುಚ್ಚಿ ಹಿಡಿಯುವ ಹಾಗಿಲ್ಲ, ಅದೇ ಭಾರಕ್ಕೆ ಅವುಗಳಿಗೆ ಇನ್ನಷ್ಟು ಗಾಳಿ ಬೇಕು. ಆದ್ದರಿಂದಲೇ ಆರಾಮ ಬೇಕೆನ್ನುವವರಿಗೆ ನಾನು ಅವನ್ನು ಮಾರುವುದಿಲ್ಲ.

ಈಗ 26 ನಿಮಗೆ ಸರಿಯೋ ಇಲ್ಲವೋ ಎಂದು ನೋಡುವ ಸುಲಭದ ಕ್ರಮವಿದೆ. ಶಾಲೆಯ ಬಿಳಿ ಸೀಮೆಸುಣ್ಣ ತೆಗೆದುಕೊಳ್ಳಿ. ಟೈರಿನ ಈ ಅಂಚಿನಿಂದ ಆ ಅಂಚಿಗೆ ಅಡ್ಡಲಾಗಿ ದಪ್ಪಗೆ ಒಂದು ಗೆರೆ ಎಳೆಯಿರಿ. ಸಮತಟ್ಟಾದ ಒಣ ಡಾಂಬರಿನ ಮೇಲೆ ನೇರವಾಗಿ ಸ್ವಲ್ಪ ದೂರ ನಿಧಾನವಾಗಿ ಓಡಿಸಿ ಇಳಿದು ನೋಡಿ. ನಡುವಿನ ಸುಣ್ಣ ಮಾತ್ರ ಅಳಿಸಿ ಎರಡೂ ಅಂಚಿನಲ್ಲಿ ಬಿಳಿ ಉಳಿದಿದ್ದರೆ ಗಾಳಿ ಹೆಚ್ಚು. ಅಂಚು ಅಳಿಸಿ ನಡುವೆ ಉಳಿದಿದ್ದರೆ ಕಡಿಮೆ. ಉದ್ದಕ್ಕೂ ಒಂದೇ ಸಮ ಅಳಿಸಿದ್ದರೆ ಸರಿ. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ನೋಡಬೇಕು, ಯಾವಾಗಲೂ ಕೂರುವಷ್ಟೇ ಜನ ಕೂತಿರಬೇಕು.

ಜೋಯಿಡಾ_ಜೀಪು

ಸುಣ್ಣದ ಪರೀಕ್ಷೆ ನಿಂತ ಭಾರವನ್ನು ಹೇಳುತ್ತದೆ, ಹೆದ್ದಾರಿಯ ಬಿಸಿಯನ್ನು ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಲೆಕ್ಕವಿದೆ. ತಣ್ಣಗಿರುವಾಗ ಗಾಳಿ ನೋಡಿ ಬರೆದಿಡಿ. ಹೆದ್ದಾರಿಯಲ್ಲಿ ಅರ್ಧ ಗಂಟೆಯ ಮೇಲೆ ಓಡಿಸಿ ಕೂಡಲೇ ಮತ್ತೆ ನೋಡಿ. ಸುಮಾರು 4 ಏರಿದ್ದರೆ ಇಟ್ಟ ಗಾಳಿ ಸರಿ. 6, 7 ಏರಿದ್ದರೆ ಟೈರ್ ವಿಪರೀತ ಬಿಸಿಯಾಗುತ್ತಿದೆ, ಬೆಳಿಗ್ಗೆ ಇನ್ನೂ ತುಂಬಬೇಕಿತ್ತು. ಎರಡೇ ಏರಿದ್ದರೆ ಗಾಳಿ ಹೆಚ್ಚಾಗಿದೆ, ಟೈರ್ ಬಾಗುತ್ತಲೇ ಇಲ್ಲ. ಆಸ್ಟ್ರೇಲಿಯಾದ ಫೋರ್ ಬೈ ಫೋರ್ ಓಡಿಸುವವರಲ್ಲಿ ಇದು ಬಹಳ ಬಳಕೆಯಲ್ಲಿದೆ.

ನಿವೃತ್ತ_ಮಾಸ್ತರ (ಹೊನ್ನಾವರ)

ಬಿಸಿಲಿಗೆ ನಿಂತ ಬದಿಯ ಚಕ್ರಗಳು ಬೆಳಿಗ್ಗೆಯೇ ಹೆಚ್ಚು ತೋರಿಸುತ್ತವೆ, ನೆರಳಿನಲ್ಲಿ ನಿಂತಾಗಲೇ ಮೊದಲ ಅಂಕಿ ತೆಗೆದುಕೊಳ್ಳಿ. ಘಟ್ಟ ಇಳಿದ ಕೂಡಲೇ ಅಳೆಯುವುದೂ ಬೇಡ. ಬ್ರೇಕಿನ ಬಿಸಿ ರಿಮ್‌ಗೆ ಹತ್ತಿರುತ್ತದೆ. ಕುಮಟಾ ದಾಟಿ ಅಂಕೋಲಾದಲ್ಲಿ ನಿಲ್ಲಿಸಿ ನೋಡಿದರೆ ನಂಬಬಹುದಾದ ಅಂಕಿ ಸಿಗುತ್ತದೆ.

ಕಡಲಕೋಡಿ (ಅಂಕೋಲಾ)

ಅಂಕೋಲಾದಲ್ಲಿ ನಿಲ್ಲಿಸಿದರೆ ಗೇಜ್ ಹಿಡಿಯುವುದರ ಜೊತೆಗೆ ಊಟವನ್ನೂ ಮಾಡಿಕೊಂಡು ಹೋಗಿ. ಮಳೆಗಾಲದಲ್ಲಿ ಮಾತ್ರ ಮೊದಲೇ ವಿಚಾರಿಸಿ ಹೊರಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ನಮ್ಮ ಕಡೆಯವರು ಜೋರು ಮಳೆಯ ದಿನ ಗುಡ್ಡದ ಬದಿಯಲ್ಲಿ ಗಾಡಿ ನಿಲ್ಲಿಸುವುದನ್ನೇ ಬಿಟ್ಟಿದ್ದೇವೆ. ಗಾಳಿ ನೋಡಲು ಸಹ ಅಂಥ ಕಡೆ ನಿಲ್ಲಬೇಡಿ.

ಅಡಿಕೆ_ಮೂಟೆ (ಯಲ್ಲಾಪುರ)

ದೇವಿಮನೆ ಘಟ್ಟದಲ್ಲಿ ಸಂಚಾರ ನಿಲ್ಲಿಸಿದ್ದರೆ ಯಲ್ಲಾಪುರದ ಮೇಲೆ ಬಂದು ಅರಬೈಲು ಘಟ್ಟ ಇಳಿಯಿರಿ. ದೂರವಾಗುತ್ತದೆ, ಲಾರಿಗಳೂ ಹೆಚ್ಚು, ಆದರೆ ದಾರಿಯಿದೆ.

ಕಾಳಿ_ದಂಡೆ (ಕಾರವಾರ)

ಗಾಳಿ ಇಳಿಸಿದರೆ ಎಣ್ಣೆ ಹೆಚ್ಚು ಕುಡಿಯುವುದಿಲ್ಲವೇ? ಅದನ್ನೂ ಯಾರಾದರೂ ಹೇಳಿ.

ನಿವೃತ್ತ_ಮಾಸ್ತರ (ಹೊನ್ನಾವರ)

ಕುಡಿಯುತ್ತದೆ, ಆದರೆ ಹೆದರುವಷ್ಟಲ್ಲ. ಸರಿಯಾದ ಗಾಳಿಗಿಂತ 1 ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ನೂರಕ್ಕೆ ಸುಮಾರು 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಎಣ್ಣೆ ಉಳಿಸಲು ಹೋಗಿ 35 ಇಡುವವರು ನಡು ಸವೆದ ಟೈರನ್ನು ಬೇಗ ಬದಲಿಸಬೇಕಾಗುತ್ತದೆ, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟೈರಿನ ಗೀರಿನ ಆಳ 1.6 ಮಿ.ಮೀ.ಗೆ ಬಂದರೆ ಕಾನೂನಿನ ಪ್ರಕಾರವೂ ಆ ಟೈರಿನ ಆಯಸ್ಸು ಮುಗಿದಂತೆ.

ತೋಟದ_ದಾರಿ (ಶಿರಸಿ)

ನೀವೆಲ್ಲ ಹೇಳಿದಂತೆ ಮಾಡಿದೆ. ಬೆಳಿಗ್ಗೆ ಕೊಟ್ಟಿಗೆಯ ನೆರಳಿನಲ್ಲಿ ನಾಲ್ಕಕ್ಕೂ 26. ಸೀಮೆಸುಣ್ಣ ಮುಂದೆ ಉದ್ದಕ್ಕೂ ಸಮನಾಗಿ ಅಳಿಸಿತು, ಹಿಂದೆ ಅಂಚಿನಲ್ಲಿ ಬೆರಳಿನಗಲ ಬಿಳಿ ಉಳಿಯಿತು. ಹಿಂದೆ ಯಾರೂ ಕೂತಿರಲಿಲ್ಲ, ಹಾಗಾಗಿ ಇರಬೇಕು. ಅಂಕೋಲಾದಲ್ಲಿ ನಿಲ್ಲಿಸಿ ನೋಡಿದರೆ ಮುಂದೆ 30, ಹಿಂದೆ 29.

ಆಯಿಯನ್ನು ಮುಂದೆ ಕೂರಿಸಿದೆ. ದಾರಿಯಲ್ಲಿ ಮಾತಾಡಿಕೊಂಡು ಬಂದಳು, ಅಷ್ಟು ಹೇಳಿದರೆ ನಿಮಗೆ ಅರ್ಥವಾಗುತ್ತದೆ.

ತೋಟದ ದಾರಿಗೆ 26ರಲ್ಲೂ ಇನ್ನೂ ಸ್ವಲ್ಪ ಕುಟ್ಟುತ್ತದೆ. ಅಲ್ಲಿಗೆ 20ಕ್ಕೆ ಇಳಿಸಿ, ಡಾಂಬರು ಹತ್ತುವಲ್ಲಿ ತುಂಬಿಕೊಳ್ಳೋಣ ಎಂದುಕೊಂಡಿದ್ದೇನೆ. ಎಂಥ ಕಂಪ್ರೆಸರ್ ತೆಗೆದುಕೊಳ್ಳಲಿ? ಸಿಗರೇಟ್ ಲೈಟರ್‌ಗೆ ಚುಚ್ಚುವಂಥದ್ದು ಸಾಕೇ?

ಜೋಯಿಡಾ_ಜೀಪು

ನಿಮ್ಮ ಗಾತ್ರದ ಟೈರಿಗೆ ಸಾಕು. ಲೈಟರ್ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್. ದೊಡ್ಡ ಕಂಪ್ರೆಸರ್ ಚುಚ್ಚಿದರೆ ಫ್ಯೂಸ್ ಹೋಗುತ್ತದೆ, ಅಂಥವನ್ನು ನೇರ ಬ್ಯಾಟರಿಗೆ ಕ್ಲಿಪ್ ಹಾಕಿಯೇ ಬಳಸಬೇಕು. ಯಾವುದೇ ಆಗಲಿ, ಎಂಜಿನ್ ಚಾಲೂ ಇಟ್ಟು ತುಂಬಿ. ಎರಡು ಚಕ್ರ ತುಂಬಿದ ಮೇಲೆ ಕಂಪ್ರೆಸರ್‌ಗೆ ಸ್ವಲ್ಪ ವಿಶ್ರಾಂತಿ ಕೊಡಿ, ಸಿಲಿಂಡರ್ ಮುಟ್ಟಲಾಗದಷ್ಟು ಸುಡುತ್ತಿರುತ್ತದೆ.

20 ಇಟ್ಟಾಗ ಒಂದು ಎಚ್ಚರ. ಚಿರೆಕಲ್ಲಿನ ಅಂಚಿಗೆ ಟೈರಿನ ಪಕ್ಕೆಯನ್ನು ಉಜ್ಜಿಸಬೇಡಿ. ಗಾಳಿ ಕಡಿಮೆಯಾದಾಗ ಪಕ್ಕೆ ಹೊರಗೆ ಉಬ್ಬಿರುತ್ತದೆ. ಕಲ್ಲನ್ನು ತಪ್ಪಿಸಿ ಪಕ್ಕದಲ್ಲಿ ಹಾಯುವುದಕ್ಕಿಂತ ಚಕ್ರವನ್ನು ಅದರ ಮೇಲೆಯೇ ಹತ್ತಿಸಿ ನಿಧಾನಕ್ಕೆ ಇಳಿಸುವುದು ಮೇಲು. ಪಕ್ಕೆ ಸೀಳಿದರೆ ಅದಕ್ಕೆ ಪಂಚರ್ ಹಾಕಲು ಬರುವುದಿಲ್ಲ.

ಹಳೆ_ಥಾರ್ (ಮುಂಡಗೋಡ)

ವಾಲ್ವ್ ಮುಚ್ಚಳದ ಜಾಗಕ್ಕೆ ತಿರುಪುವ ಸೆನ್ಸರ್‌ಗಳು ಸಿಗುತ್ತವೆ, ಒಳಗೆ ಕೂತೇ ನಾಲ್ಕರ ಅಂಕಿಯನ್ನೂ ನೋಡಬಹುದು. ನಿಧಾನವಾಗಿ ಸೋರುವ ಪಂಚರ್ ಅದರಲ್ಲಿ ಬೇಗ ಗೊತ್ತಾಗುತ್ತದೆ. ಗಾಳಿ ಬಿಟ್ಟು ತುಂಬುವವರಿಗೆ ಪ್ರತಿ ಸಲ ಬಿಚ್ಚುವುದು ಸ್ವಲ್ಪ ರಗಳೆ.

ತೋಟದ_ದಾರಿ (ಶಿರಸಿ)

ಸರಿ, ಚಿಕ್ಕ ಕಂಪ್ರೆಸರ್ ತರಿಸುತ್ತೇನೆ. ಸ್ಟೆಪ್ನಿಗೆ ಎಷ್ಟು ಇಡಲಿ? ಅದಕ್ಕೂ 26 ಸಾಕೇ?

ಗಾಲಿ_ಅಂಗಡಿ (ಕುಮಟಾ)

ಸ್ಟೆಪ್ನಿಗೆ 35 ಇಡಿ ತಂಗಿ. ಅದು ತಿಂಗಳುಗಟ್ಟಲೆ ತೂಗಾಡುತ್ತಾ ಸ್ವಲ್ಪ ಸ್ವಲ್ಪ ಸೋರುತ್ತದೆ. ಹಾಕುವ ದಿನ ಹೆಚ್ಚಿದ್ದರೆ ಬಿಡಬಹುದು, ಕಡಿಮೆಯಿದ್ದರೆ ದಾರಿಯ ಮಧ್ಯೆ ಪರದಾಡಬೇಕು. ಹಿಂಬಾಗಿಲಿನ ಕವರ್‌ನೊಳಗೆ ಇರುವುದರಿಂದ ಯಾರೂ ನೋಡುವುದಿಲ್ಲ. ಕವರ್ ತೆಗೆದಾಗ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ, ಅದನ್ನೂ ಓದಿ. 3521 ಎಂದಿದ್ದರೆ 2021ನೇ ಇಸವಿಯ 35ನೇ ವಾರ ತಯಾರಾದದ್ದು. ಹಳತಾದ ರಬ್ಬರ್ ಓಡದಿದ್ದರೂ ಗಟ್ಟಿಯಾಗುತ್ತದೆ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಆ ಟೈರನ್ನು ನನ್ನ ಅಂಗಡಿಗೋ ನಿಮ್ಮ ಊರಿನ ಅಂಗಡಿಗೋ ತಂದು ತೋರಿಸಿ, ಅದನ್ನು ಹಾಕಿಕೊಂಡು ಘಟ್ಟ ಇಳಿಯಬೇಡಿ.